ಮಾರ್ಕ್ಸನೂ ನಮ್ಮೂರ ನೀರಗಂಟಿಯೂ

ಲೋಕದಲ್ಲಿ ಕೆಲವು ಮಾತುಗಳಿಗೆ ಒಂದು ವಿಚಿತ್ರವಾದ ದುರದೃಷ್ಟವುಂಟು. ಅವು ಬಹಳ ಪ್ರಸಿದ್ಧವಾಗುತ್ತವೆ. ಪ್ರಸಿದ್ಧವಾದುದರಿಂದಲೇ ಅವುಗಳ ಹಿಂದುಮುಂದಿನ ಮಾತುಗಳನ್ನು ಯಾರೂ ಓದದಂತಾಗುತ್ತದೆ. ಗರ್ಭಗುಡಿಯಿಂದ ಕಿತ್ತು ತಂದ ಮೂರ್ತಿಯನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಟ್ಟಂತೆ ಅವುಗಳ ಸ್ಥಿತಿ. ಮೂರ್ತಿಯೇನೋ ಅದೇ, ಆದರೆ ಅದಕ್ಕೆ ಅರ್ಥ ಕೊಡುತ್ತಿದ್ದ ಗುಡಿ, ದೀಪ, ಗಂಟೆ ಒಂದೂ ಇಲ್ಲ. ಧರ್ಮವನ್ನು ಅಫೀಮಿಗೆ ಹೋಲಿಸಿದ ಕಾರ್ಲ್ ಮಾರ್ಕ್ಸನ ಮಾತು ಇಂಥದೊಂದು ಮೂರ್ತಿ.

ಆಸ್ತಿಕರು ಆ ಮಾತನ್ನು ಹಿಡಿದು, "ನೋಡಿರಿ, ಇವನು ದೇವರಿಗೆ ಶತ್ರು" ಎನ್ನುತ್ತಾರೆ. ನಾಸ್ತಿಕರು ಅದೇ ಮಾತನ್ನು ಹಿಡಿದು, "ನೋಡಿರಿ, ಇವನು ದೇವರ ಕಾಟವನ್ನು ಕಳೆದವನು" ಎನ್ನುತ್ತಾರೆ. ಇಬ್ಬರ ಕೈಯಲ್ಲಿಯೂ ಇರುವುದು ಒಂದೇ ತುಂಡು. ಆ ತುಂಡಿನಿಂದ ಹೊರಟು, ಅದನ್ನು ಬರೆದವನ ಹಿಂದೆ ಅವನ ಕೊನೆಯ ದಿನಗಳ ಓದಿನವರೆಗೆ ಕೊಂಚ ದೂರ ನಡೆದುನೋಡಬೇಕೆಂಬುದೇ ಈ ಲೇಖನದ ಉದ್ದೇಶ. ನಾನು ಅರ್ಥಶಾಸ್ತ್ರಜ್ಞನಲ್ಲ, ಯಾವ ಪಕ್ಷದ ಚೀಟಿಯನ್ನೂ ಜೇಬಿನಲ್ಲಿಟ್ಟುಕೊಂಡವನಲ್ಲ. ಶಾನುಭೋಗಿಕೆಯ ಮನೆಯೊಂದರಲ್ಲಿ ಹುಟ್ಟಿ, ಕೆರೆಯ ಕೆಳಗಿನ ಗದ್ದೆಗಳನ್ನು ನೋಡುತ್ತ ಬೆಳೆದು, ಅನಂತರ ಪುಸ್ತಕಗಳಿಗೆ ಬಂದವನು. ಆದುದರಿಂದ ಮಾರ್ಕ್ಸನನ್ನು ಓದುವಾಗ ನನ್ನ ಕಣ್ಣು ಸಹಜವಾಗಿ ಹುಡುಕುವುದು ನಮ್ಮಂಥವರ ಊರುಗಳ ಸುದ್ದಿಯನ್ನು. ಆ ಸುದ್ದಿ ಅವನಲ್ಲಿ ವಾಚಕರು ಎಣಿಸುವುದಕ್ಕಿಂತ ಹೆಚ್ಚಾಗಿಯೇ ಇದೆ.

ಮೊದಲು ಅಫೀಮಿನ ಮಾತು. ಅದು ಪ್ರಕಟವಾದುದು ೧೮೪೪ರಲ್ಲಿ, ಪ್ಯಾರಿಸಿನಲ್ಲಿ. ಹೆಗೆಲನ ರಾಜ್ಯತತ್ತ್ವವನ್ನು ವಿಮರ್ಶಿಸುವ ಬರೆಹವೊಂದರ ಪೀಠಿಕೆಯಲ್ಲಿ. ಬರೆದವನಿಗೆ ಆಗ ಇಪ್ಪತ್ತೈದರ ವಯಸ್ಸು. ಅವನ ವಂಶದಲ್ಲಿ ಯೆಹೂದಿ ಪುರೋಹಿತರು ಅನೇಕರು ಆಗಿಹೋಗಿದ್ದರು. ಆದರೆ ಪ್ರಷ್ಯಾದ ಕಟ್ಟಳೆಯಂತೆ ಯೆಹೂದಿಯಾದವನು ವಕೀಲಿ ನಡೆಸುವಂತಿರಲಿಲ್ಲ. ಆದುದರಿಂದ ತಂದೆ ಕ್ರೈಸ್ತನಾದನು; ೧೮೨೪ರಲ್ಲಿ ಆರು ವರ್ಷದ ಮಗನಿಗೂ ದೀಕ್ಷಾಸ್ನಾನವಾಯಿತು. ಹೊಟ್ಟೆಯ ಪಾಡಿಗಾಗಿ ದೇವರನ್ನು ಬದಲಾಯಿಸಬೇಕಾದ ಮನೆಯಲ್ಲಿ ಬೆಳೆದವನು, ಧರ್ಮಕ್ಕೂ ದೊರೆತನಕ್ಕೂ ಇರುವ ಗಂಟನ್ನು ಬಾಲ್ಯದಲ್ಲಿಯೇ ಕಂಡಿದ್ದನೆಂದರೆ ತಪ್ಪಾಗಲಾರದು.

ಆ ಪೀಠಿಕೆಯನ್ನು ಸಾವಧಾನವಾಗಿ ಓದಿದರೆ ಅಫೀಮಿನ ಮಾತಿಗೆ ಮುಂಚೆ ಬೇರೊಂದು ಧ್ವನಿ ಕೇಳಿಸುತ್ತದೆ. ಧರ್ಮವೆಂಬುದು ನೊಂದವರ ನಿಟ್ಟುಸಿರು, ಕರುಣೆ ಬತ್ತಿದ ಲೋಕದಲ್ಲಿ ಉಳಿದಿರುವ ಕರುಳು ಎಂಬ ಅಭಿಪ್ರಾಯವನ್ನು ಅವನು ಅಲ್ಲಿ ಸೂಚಿಸಿದ್ದಾನೆ. ಅದು ದುಃಖದ ಪ್ರಕಟನೆಯೂ ಹೌದು, ಆ ದುಃಖಕ್ಕೆ ಪ್ರತಿಭಟನೆಯೂ ಹೌದು ಎಂಬುದು ಅವನ ಭಾವ. ಅಫೀಮು ಬರುವುದು ಅದರ ಅನಂತರ. ಆ ಕಾಲದಲ್ಲಿ ಅಫೀಮೆಂದರೆ ಏನು? ಯೂರೋಪಿನ ಮನೆಮನೆಯಲ್ಲಿಯೂ ಅದು ನೋವಿನ ಔಷಧ; ಕೆಮ್ಮಿಗೆ, ಹೊಟ್ಟೆಶೂಲೆಗೆ, ನಿದ್ರೆಗೆಟ್ಟ ಮಗುವಿಗೆ ಕೊಡುತ್ತಿದ್ದ ಮದ್ದು. ಅದೇ ಅಫೀಮನ್ನು ಕಂಪನಿ ಸರಕಾರವು ನಮ್ಮ ದೇಶದಲ್ಲಿ ಬೆಳೆಸಿ ಚೀನಾಕ್ಕೆ ಮಾರಿಸುತ್ತಿತ್ತು; ಚೀನೀಯರು ತಡೆದಾಗ ೧೮೩೯ರಿಂದ ೧೮೪೨ರವರೆಗೆ ಇಂಗ್ಲಿಷರು ಅವರ ಮೇಲೆ ಯುದ್ಧವನ್ನೇ ಹೂಡಿದರು. ಹೀಗೆ ನೋವನ್ನು ತಣಿಸುವ ಗುಣ, ಮಂಪರನ್ನು ಹಿಡಿಸುವ ಗುಣ, ಇನ್ನೊಬ್ಬರ ಲಾಭಕ್ಕೆ ಸರಕಾಗುವ ಗುಣ, ಮೂರೂ ಆ ಒಂದು ಹೆಸರಿನಲ್ಲಿ ಅಡಗಿದ್ದವು.

ಅವನ ವಾದದ ತಿರುಳು ಇಷ್ಟು: ನೋವಿರುವವನ ಕೈಯಿಂದ ಮದ್ದನ್ನು ಕಿತ್ತುಕೊಳ್ಳುವುದು ವೈದ್ಯವಲ್ಲ, ನೋವಿನ ಕಾರಣವನ್ನು ಕಳೆಯುವುದು ವೈದ್ಯ. ಪರಲೋಕದ ವಿಚಾರಣೆ ಮುಗಿದ ಮೇಲೆ ಇಹಲೋಕದ ವಿಚಾರಣೆ ಆರಂಭವಾಗಬೇಕು. ಸ್ವರ್ಗವನ್ನು ಟೀಕಿಸಿದವನು ಭೂಮಿಯ ಕಡೆಗೆ, ಕಟ್ಟಳೆಯ ಕಡೆಗೆ, ಅಧಿಕಾರದ ಕಡೆಗೆ ತಿರುಗಬೇಕು. ಇದನ್ನು ಒಪ್ಪುವುದೂ ಬಿಡುವುದೂ ಅವರವರ ಮನಸ್ಸು. ಆದರೆ ಇದು ಭಕ್ತನನ್ನು ಹೀಯಾಳಿಸುವ ಮಾತಲ್ಲವೆಂಬುದು ಸ್ಪಷ್ಟ. ಅವನ ಮಿತ್ರನಾದ ಎಂಗೆಲ್ಸನು ೧೮೫೦ರಲ್ಲಿ ಜರ್ಮನಿಯ ರೈತರ ದಂಗೆಯನ್ನು ಕುರಿತು ಬರೆದಾಗ, ೧೫೨೫ರಲ್ಲಿ ರೈತರ ಮುಂದೆ ನಿಂತು ಪ್ರಾಣ ಕೊಟ್ಟ ಥಾಮಸ್ ಮುಂಟ್ಸರ್ ಎಂಬ ಕ್ರೈಸ್ತ ಬೋಧಕನನ್ನು ಆದರದಿಂದ ವರ್ಣಿಸಿದನು. ಒಂದೇ ಬೈಬಲು ಒಡೆಯನಿಗೆ ಗೋಡೆಯಾಯಿತು, ಒಕ್ಕಲಿಗೆ ಗುದ್ದಲಿಯಾಯಿತು ಎಂಬುದನ್ನು ಆ ಮಿತ್ರರಿಬ್ಬರೂ ಬಲ್ಲರು.

ಇದು ಯೂರೋಪಿನ ಮಾತಾಯಿತು. ಸಮುದ್ರದಾಚೆಯ ನಮ್ಮನ್ನು ಕುರಿತು ಮಾರ್ಕ್ಸನು ಬರೆಯತೊಡಗಿದುದು ೧೮೫೩ರಲ್ಲಿ. ದೇಶಭ್ರಷ್ಟನಾಗಿ ಲಂಡನ್ನಿಗೆ ಬಂದು, ಬಡತನದ ಬೇಗೆಯಲ್ಲಿ, ನ್ಯೂಯಾರ್ಕಿನ 'ಟ್ರಿಬ್ಯೂನ್' ಪತ್ರಿಕೆಗೆ ಲೇಖನಗಳನ್ನು ಕಳುಹಿಸುತ್ತ ಅವನು ಸಂಸಾರ ನಡೆಸುತ್ತಿದ್ದ ಕಾಲವದು. ಕಂಪನಿಯ ಸನ್ನದನ್ನು ಮುಂದುವರಿಸುವ ಚರ್ಚೆ ಪಾರ್ಲಿಮೆಂಟಿನಲ್ಲಿ ನಡೆಯುತ್ತಿತ್ತು. ಮಾರ್ಕ್ಸನು ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಕುಳಿತು, ಸರಕಾರದ ವರದಿಗಳನ್ನೂ, ಔರಂಗಜೇಬನ ಕಾಲದಲ್ಲಿ ನಮ್ಮ ದೇಶವನ್ನು ನೋಡಿಹೋದ ಬರ್ನಿಯೇ ಎಂಬ ಫ್ರೆಂಚ್ ವೈದ್ಯನ ಪ್ರವಾಸಕಥನವನ್ನೂ ಓದಿ, ಭಾರತವನ್ನು ಕುರಿತು ಬರೆದನು. ಅವುಗಳಲ್ಲಿ ಎರಡು ಲೇಖನಗಳು ಪ್ರಸಿದ್ಧವಾದವು: ಜೂನ್ ೨೫ರ ಸಂಚಿಕೆಯಲ್ಲಿ ಒಂದು, ಆಗಸ್ಟ್ ೮ರ ಸಂಚಿಕೆಯಲ್ಲಿ ಇನ್ನೊಂದು. ಭಾರತದ ನೆಲವನ್ನು ಅವನು ಎಂದೂ ಮೆಟ್ಟಲಿಲ್ಲ.

ಆ ಲೇಖನಗಳನ್ನು ಓದುವ ನಮ್ಮವನಿಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಇಂಗ್ಲಿಷರ ಲೋಭವನ್ನೂ ಕ್ರೌರ್ಯವನ್ನೂ ಅವನು ಮುಚ್ಚಿಡುವುದಿಲ್ಲ. ನಮ್ಮ ಕೈಮಗ್ಗ ಮುರಿದುದನ್ನೂ, ನೀರಾವರಿಯ ಕೆಲಸಗಳನ್ನು ಹೊಸ ದೊರೆಗಳು ಹಾಳುಗೆಡವಿದುದನ್ನೂ ಎತ್ತಿ ಹೇಳುತ್ತಾನೆ. ಆದರೆ ಆ ಮುರಿತವನ್ನೇ ಒಂದು ದೊಡ್ಡ ಬದಲಾವಣೆಯ ಬಾಗಿಲೆಂದೂ ಎಣಿಸುತ್ತಾನೆ. ಹಳ್ಳಿಗಳು ನೋಡಲು ನಿರಪಾಯವಾಗಿದ್ದರೂ ಅವು ಮನುಷ್ಯನ ಬುದ್ಧಿಯನ್ನು ಕುಗ್ಗಿಸಿದುವು. ಜಾತಿಭೇದದಿಂದಲೂ ದಾಸ್ಯದಿಂದಲೂ ಮಲಿನವಾದುವು. ಪ್ರಕೃತಿಗೆ ಒಡೆಯನಾಗಬೇಕಾದ ಮನುಷ್ಯನು ಹನುಮಂತನಿಗೂ ಗೋವಿಗೂ ಮೊಳಕಾಲೂರಿದನು ಎಂಬುದು ಅವನ ಆಕ್ಷೇಪ. ನಮ್ಮ ಊರ ಬಾಗಿಲಿನ ಆಂಜನೇಯನನ್ನು ಇಷ್ಟು ಹಗುರಾಗಿ ಆಡಿದುದು ಯಾವ ಭಕ್ತನಿಗೂ ರುಚಿಸಲಾರದು. ಆದರೆ ಜಾತಿಯ ಮಾತು ಹಾಗಲ್ಲ. ಅದು ರುಚಿಸದಿದ್ದರೂ ಗಂಟಲಿನಲ್ಲಿ ಮುಳ್ಳಾಗಿ ನಿಲ್ಲುತ್ತದೆ. ಇನ್ನೊಂದನ್ನೂ ಇಲ್ಲಿಯೇ ಹೇಳುವುದು ನ್ಯಾಯ. ಇಂಗ್ಲೆಂಡಿನಲ್ಲಿ ಕಾರ್ಮಿಕರು ಅಧಿಕಾರ ಪಡೆಯುವವರೆಗೆ, ಇಲ್ಲವೇ ಭಾರತೀಯರೇ ಬಲಗೊಂಡು ಆಂಗ್ಲರ ನೊಗವನ್ನು ಕಿತ್ತೊಗೆಯುವವರೆಗೆ, ಹೊಸ ನಾಗರಿಕತೆಯ ಫಲ ಭಾರತೀಯರಿಗೆ ದಕ್ಕದೆಂದು ಅವನು ಅದೇ ಆಗಸ್ಟಿನ ಲೇಖನದಲ್ಲಿ ಬರೆದನು. ೧೮೫೭ಕ್ಕೆ ಇನ್ನೂ ನಾಲ್ಕು ವರ್ಷವಿತ್ತು.

ಇನ್ನು ಕನ್ನಡನಾಡಿನ ಮಾತಿಗೆ ಬರುವೆನು. ೧೮೬೭ರಲ್ಲಿ ಮಾರ್ಕ್ಸನ 'ಕ್ಯಾಪಿಟಲ್' ಗ್ರಂಥದ ಮೊದಲನೆಯ ಸಂಪುಟ ಹೊರಬಂದಿತು. ಅದರಲ್ಲಿ ಶ್ರಮವಿಭಾಗವನ್ನು ಕುರಿತ ಅಧ್ಯಾಯದಲ್ಲಿ ಭಾರತದ ಹಳ್ಳಿಯ ಚಿತ್ರವೊಂದಿದೆ. ಅದಕ್ಕೆ ಆಧಾರವೆಂದು ಅವನು ಅಡಿಯಲ್ಲಿ ಕೊಡುವ ಹೆಸರುಗಳಲ್ಲಿ ಒಂದು ಮಾರ್ಕ್ ವಿಲ್ಕ್ಸನದು. ಮೈಸೂರಿನ ಚರಿತ್ರೆಯನ್ನು ಬಲ್ಲವರಿಗೆ ಈ ಹೆಸರು ಹೊಸದಲ್ಲ. ಶ್ರೀರಂಗಪಟ್ಟಣ ಬಿದ್ದ ಅನಂತರದ ವರ್ಷಗಳಲ್ಲಿ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನ ಅಧಿಕಾರವನ್ನು ನಡೆಸಿದ ಸೇನಾಧಿಕಾರಿ ಇವನು. ದಕ್ಷಿಣ ಭಾರತದ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ೧೮೧೦ರಿಂದ ೧೮೧೭ರ ಒಳಗೆ ಪ್ರಕಟಿಸಿದನು. ಆ ಚರಿತ್ರೆಯಲ್ಲಿ ಹಳ್ಳಿಯೊಂದು ಪುಟ್ಟ ಗಣರಾಜ್ಯವೆಂದು ವರ್ಣಿತವಾಗಿದೆ. ಅದರ ಹನ್ನೆರಡು ಮಂದಿ ಆಯಗಾರರ ಪಟ್ಟಿಯೂ ಇದೆ. ಮೈಸೂರುಸೀಮೆಯ ಗೌಡನೂ ನೀರಗಂಟಿಯೂ ವಿಲ್ಕ್ಸನ ಕಾಗದದ ಮೇಲೆ ಹಡಗು ಹತ್ತಿ, ಲಂಡನ್ನಿನ ಗ್ರಂಥಭಂಡಾರವನ್ನು ಹೊಕ್ಕು, ಅರ್ಧ ಶತಮಾನದ ಮೇಲೆ ಜರ್ಮನ್ ಭಾಷೆಯ ಒಂದು ಮಹಾಗ್ರಂಥದ ಒಳಗೆ ಬಂದು ನಿಂತರು!

ಮಾರ್ಕ್ಸನ ಪಟ್ಟಿಯನ್ನು ಓದಿದಾಗ ನನಗೆ ಪರಿಚಿತರ ಮನೆಗೆ ಹೋದಂತಾಯಿತು. ನ್ಯಾಯ ಹೇಳುವ, ಕಂದಾಯ ಎತ್ತುವ ಹಿರಿಯನು ನಮ್ಮ ಗೌಡ. ಲೆಕ್ಕ ಬರೆಯುವವನು ಶಾನುಭೋಗ, ಎಂದರೆ ನನ್ನ ಅಜ್ಜ. ಕಳ್ಳರನ್ನು ಹಿಡಿದು ದಾರಿಹೋಕರನ್ನು ಕಾಯುವವನು ತಳವಾರ. ಎಲ್ಲೆಯನ್ನು ಕಾಯುವವನು ತೋಟಿ. ಕೆರೆಯ ನೀರನ್ನು ಹಂಚುವವನು ನೀರಗಂಟಿ. ಪಂಚಾಂಗದ ಜೋಯಿಸ, ಮರಳಿನ ಮೇಲೆ ಅಕ್ಷರ ತಿದ್ದಿಸುವ ಉಪಾಧ್ಯಾಯ, ಕಮ್ಮಾರ, ಬಡಗಿ, ಕುಂಬಾರ, ಕ್ಷೌರಿಕ, ಅಗಸ, ಅಕ್ಕಸಾಲಿ ಎಲ್ಲರೂ ಅಲ್ಲಿದ್ದಾರೆ. ಕೆಲವು ಊರುಗಳಲ್ಲಿ ಅಕ್ಕಸಾಲಿಯ ಸ್ಥಾನದಲ್ಲಿ, ಕೆಲವೆಡೆ ಉಪಾಧ್ಯಾಯನ ಸ್ಥಾನದಲ್ಲಿ, ಕವಿಯೊಬ್ಬನು ಇರುತ್ತಾನೆಂದೂ ಬರೆದಿದೆ. ರಾಜ್ಯಗಳು ಉರುಳಿದರೂ ಇಂಥ ಹಳ್ಳಿ ಹಾಗೆಯೇ ಮತ್ತೆ ಚಿಗುರುವುದರಲ್ಲಿ ಏಷ್ಯಾದ ಸಮಾಜಗಳು ಬದಲಾಗದಿರುವ ಗುಟ್ಟಿದೆಯೆಂಬುದು ಅವನ ತೀರ್ಮಾನ.

ಪಟ್ಟಿಯೇನೋ ಸರಿ. ಆದರೆ ಪಟ್ಟಿಯಲ್ಲಿ ಹೆಸರುಗಳು ಒಂದರ ಪಕ್ಕದಲ್ಲಿ ಒಂದು ಕುಳಿತಿರುತ್ತವೆ. ಊರಿನಲ್ಲಿ ಜನರು ಹಾಗೆ ಕುಳಿತಿರಲಿಲ್ಲ. ನಾನು ಬಾಲಕನಾಗಿದ್ದಾಗ ನಮ್ಮೂರ ಕೆರೆಗೆ ಒಬ್ಬ ಮುದುಕ ನೀರಗಂಟಿಯಿದ್ದನು. ಕೆರೆ ತುಂಬಿದಾಗ ಏರಿಯ ಮೇಲೆ ರಾತ್ರಿಯೆಲ್ಲ ಕಾಯುವವನು ಅವನು. ತೂಬಿನ ಬಳಿ ನೀರಿನಲ್ಲಿ ಮುಳುಗಿ ಬೆಣೆಯನ್ನು ಸಡಲಿಸುವವನು ಅವನು. ಗೌಡರ ಗದ್ದೆಗೆ ಎಷ್ಟು ಹೊತ್ತು, ವಿಧವೆಯೊಬ್ಬಳ ಅರ್ಧ ಎಕರೆಗೆ ಎಷ್ಟು ಹೊತ್ತು ಎಂಬುದನ್ನು ನೆರಳು ನೋಡಿ ತಪ್ಪದೆ ನಡೆಸುವವನು ಅವನು. ಕೊಯ್ಲಾದ ಮೇಲೆ ಕಣದಲ್ಲಿ ಅವನ ಆಯದ ಕೊಳಗ ಅವನಿಗೆ ಸಲ್ಲುತ್ತಿತ್ತು. ನೂರಾರು ಎಕರೆಗೆ ನೀರುಣಿಸುತ್ತಿದ್ದ ಆ ಕೈ, ಊರೊಳಗಿನ ಸೇದುವ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಅವನ ಮನೆ ಹೊಲಗೇರಿಯಲ್ಲಿತ್ತು. ನಮ್ಮ ಮನೆಗೆ ಬಂದರೆ ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದನು. ಕುಡಿಯುವ ನೀರನ್ನು ಅವನ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ನನ್ನ ಅಜ್ಜಿ ದಯಾವಂತೆ. ಅವನಿಗೆ ಹಬ್ಬದ ಊಟ ಎಂದೂ ತಪ್ಪಿದುದಿಲ್ಲ. ಆದರೆ ದಯೆಯ ಪಾತ್ರೆಗೂ ಅವನ ಬೊಗಸೆಗೂ ನಡುವೆ ಒಂದು ಮೊಳದ ಅಂತರ ಯಾವಾಗಲೂ ಇರುತ್ತಿತ್ತು.

ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಒಂದು ಬೇಸಗೆಯಲ್ಲಿ ನನ್ನ ಸಹಪಾಠಿಯೊಬ್ಬನು ನಮ್ಮೂರಿಗೆ ಬಂದಿದ್ದನು. ಹೊಸದಾಗಿ ಮಾರ್ಕ್ಸನನ್ನು ಓದಿದ ಉತ್ಸಾಹಿ. ಏರಿಯ ಮೇಲೆ ತೂಬಿನ ಬಳಿ ನೀರಗಂಟಿ ಗಂಗಮ್ಮನಿಗೆ ಅರಿಸಿನ ಕುಂಕುಮವಿಟ್ಟು ಕಾಯಿ ಒಡೆಯುತ್ತಿದ್ದುದನ್ನು ಕಂಡು, ಅವನು ಸದುದ್ದೇಶದಿಂದಲೇ, ಈ ಪೂಜೆಯಿಂದ ನಿನಗೇನು ಬಂತು, ನಿನ್ನನ್ನು ಊರಾಚೆ ಇಟ್ಟದ್ದೂ ಇದೇ ದೇವರುಗಳಲ್ಲವೇ ಎಂದು ಕೇಳಿದನು. ಮುದುಕ ಕೊಂಚ ಹೊತ್ತು ನೀರನ್ನೇ ನೋಡಿ ಹೇಳಿದನು:

"ತೂಬಿಗೆ ಮುಳುಗ್ದಾಗ ಗಂಗವ್ವ ನನ್ನ ಒಳಕ್ಕೆ ಕರ್ಕೊತಾಳೆ ಬುದ್ಧೀ, ತಿರ್ಗ ಮ್ಯಾಲಕ್ಕೆ ಕಳುಸ್ತಾಳೆ. ನೀನ್ಯಾವ ಜಾತಿ ಅಂತ ಒಂದು ದಿನಾನೂ ಕೇಳಿಲ್ಲ. ಕೇಳೋರೆಲ್ಲ ಬಾವಿಕಟ್ಟೆ ಮ್ಯಾಲವ್ರೆ."

ನನ್ನ ಮಿತ್ರನು ಉತ್ತರ ಕೊಡಲಿಲ್ಲ. ನಿಟ್ಟುಸಿರೂ ಪ್ರತಿಭಟನೆಯೂ ಒಂದೇ ಬಾಯಿಂದ ಹೊರಡುವುದೆಂದರೆ ಏನೆಂಬುದನ್ನು, ೧೮೪೪ರ ಆ ಪೀಠಿಕೆಗಿಂತ ಸ್ಪಷ್ಟವಾಗಿ, ನನಗೆ ತಿಳಿಸಿಕೊಟ್ಟುದು ಆ ಮುದುಕನ ಮಾತು. ಅವನ ಗಂಗಮ್ಮ ಅವನಿಗೆ ಮಂಪರಾಗಿರಲಿಲ್ಲ. ಅವಳು ಅವನ ಪರವಾಗಿ ನಿಂತ ಸಾಕ್ಷಿ. ಆದರೆ ಇದೂ ನಿಜ: ಆ ಸಾಕ್ಷಿ ಕೆರೆಯ ತಳದಲ್ಲಿ ಮಾತ್ರ ಸಾಕ್ಷಿ, ಬಾವಿಯ ಹಗ್ಗ ಅವಳ ಸಾಕ್ಷ್ಯದಿಂದ ಅವನ ಕೈಗೆ ಬರಲಿಲ್ಲ. ಗೌಡ, ಶಾನುಭೋಗ, ನೀರಗಂಟಿ ಮೊದಲಾದ ವಂಶಪಾರಂಪರ್ಯದ ಅಧಿಕಾರಗಳನ್ನು ೧೯೬೧ರ ಕಾನೂನು ತೆಗೆದುಹಾಕಿತು. ನಮ್ಮ ಮನೆಯ ಲೆಕ್ಕದ ಕಡತಗಳು ಸರಕಾರಕ್ಕೆ ಹೋದವು. ಅವನ ಆಯವೂ ನಿಂತಿತು. ನಮ್ಮ ಮನೆಗೆ ಓದು ಇತ್ತು, ನೌಕರಿಯ ದಾರಿ ಇತ್ತು. ಅವನ ಮನೆಗೆ ಇದ್ದುದು ಕೆರೆಯೊಂದೇ.

ಇಲ್ಲಿ ಮಾರ್ಕ್ಸನ ೧೮೫೩ರ ಭವಿಷ್ಯವನ್ನು ಪರೀಕ್ಷಿಸಬಹುದು. ಅದೇ ವರ್ಷ ಏಪ್ರಿಲ್ ೧೬ರಂದು ಮುಂಬಯಿಯಿಂದ ಠಾಣೆಗೆ ನಮ್ಮ ದೇಶದ ಮೊದಲನೆಯ ಪ್ರಯಾಣಿಕರ ರೈಲು ಓಡಿತ್ತು. ರೈಲಿನಿಂದ ಹುಟ್ಟುವ ಯಂತ್ರೋದ್ಯಮವು ವಂಶಪಾರಂಪರ್ಯದ ಕಸುಬುಗಳನ್ನು ಮುರಿಯುವುದು, ಅವುಗಳ ಮೇಲೆ ನಿಂತಿರುವ ಜಾತಿಯೂ ಕರಗುವುದು ಎಂದು ಅವನು ನಿರೀಕ್ಷಿಸಿದನು. ರೈಲು ಬಂತು, ಗಿರಣಿಯೂ ಬಂತು. ಜಾತಿ ಟಿಕೀಟು ಕೊಂಡು ಅವುಗಳ ಒಳಗೆ ಹತ್ತಿ ಕುಳಿತಿತು. ಮುಂಬಯಿಯ ಬಟ್ಟೆಯ ಗಿರಣಿಗಳಲ್ಲಿ ಹೆಚ್ಚು ಕೂಲಿಯ ನೇಯ್ಗೆಯ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಾಗುತ್ತಿತ್ತು. ಅವರ ಎಂಜಲು ತಮಗೆ ತಗಲುವುದೆಂದು ಉಳಿದ ಕಾರ್ಮಿಕರು ಒಪ್ಪುತ್ತಿರಲಿಲ್ಲ. ೧೯೨೮ರ ಮಹಾಮುಷ್ಕರದ ಕಾಲದಲ್ಲಿ ಡಾಕ್ಟರ್ ಅಂಬೇಡ್ಕರರು ಈ ಅನ್ಯಾಯವನ್ನು ಕಾರ್ಮಿಕ ಮುಖಂಡರ ಮುಂದೆ ಇಟ್ಟರು. ಮಾಲಿಕನ ವಿರುದ್ಧ ಒಂದಾಗಿ ನಿಂತವರೇ ನೂಲಿನೆಳೆಯೊಂದರ ಮುಂದೆ ಇಬ್ಭಾಗವಾದುದನ್ನು ಯಾವ ಸೂತ್ರದಿಂದ ವಿವರಿಸುವುದು? ಧರ್ಮವೂ ಜಾತಿಯೂ ಉತ್ಪಾದನೆಯ ನೆರಳು ಮಾತ್ರವಾಗಿದ್ದರೆ, ದೇಹ ಬದಲಾದಾಗ ನೆರಳೂ ಬದಲಾಗಬೇಕಿತ್ತು. ಅಂಬೇಡ್ಕರರು ೧೯೩೬ರ ತಮ್ಮ 'ಜಾತಿವಿನಾಶ' ಭಾಷಣದಲ್ಲಿ ಸಮಾಜವಾದಿಗಳಿಗೆ ಕೇಳಿದ ಪ್ರಶ್ನೆಯ ಬೇರು ಇಲ್ಲಿಯೇ ಇದೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ, ದೂರದಲ್ಲಿದ್ದು ಬರೆದವನೊಬ್ಬನಿಗೆ ನಮ್ಮ ಒಳಮನೆ ಕಾಣಲಿಲ್ಲವೆಂದು ಹೇಳಿ ಪುಸ್ತಕವನ್ನು ಮುಚ್ಚಬಹುದಾಗಿತ್ತು. ಆದರೆ ಮಾರ್ಕ್ಸನು ಮುಂದೆಯೂ ಓದಿದನು. ಐವತ್ತು ದಾಟಿದ ಮೇಲೆ ರಷ್ಯನ್ ಭಾಷೆಯನ್ನು ಕಲಿತನು. ೧೮೭೯ರಲ್ಲಿ ಕೊವಲೆವ್‌ಸ್ಕಿ ಎಂಬ ರಷ್ಯದ ವಿದ್ವಾಂಸನು ಸಾಮುದಾಯಿಕ ಭೂಸ್ವಾಮ್ಯವನ್ನು ಕುರಿತು ಬರೆದ ಗ್ರಂಥವನ್ನು ಓದುತ್ತ, ಅದರ ಭಾರತಭಾಗದಿಂದ ಪುಟಗಟ್ಟಲೆ ಟಿಪ್ಪಣಿ ಮಾಡಿಕೊಂಡನು. ಯೂರೋಪಿನ ಪಾಳೆಯಗಾರಿಕೆಯ ಅಚ್ಚನ್ನೇ ಭಾರತದ ಮೇಲೂ ಒತ್ತುವುದಕ್ಕೆ ಆ ಟಿಪ್ಪಣಿಗಳಲ್ಲಿ ಅವನು ಆಕ್ಷೇಪಿಸಿದ್ದಾನೆ. ಬಂಗಾಳದ ಮತ್ತು ಸಿಂಹಳದ ಹಳ್ಳಿಗಳನ್ನು ಕುರಿತ ಫಿಯರ್ ಎಂಬವನ ಪುಸ್ತಕ ೧೮೮೦ರಲ್ಲಿ ಹೊರಬಂದಿತು. ಅದರಿಂದಲೂ ಹೀಗೆಯೇ ವಿಸ್ತಾರವಾಗಿ ಬರೆದುಕೊಂಡನು. 'ಕ್ಯಾಪಿಟಲ್'ನ ಉಳಿದ ಸಂಪುಟಗಳು ಮುಗಿಯದೆ ಮೇಜಿನ ಮೇಲಿದ್ದವು. ಮುದುಕನು ಏಷ್ಯಾದ ಹಳ್ಳಿಗಳನ್ನು ಓದುತ್ತಿದ್ದನು.

ಇಂಥ ಸಮಯದಲ್ಲಿ, ೧೮೮೧ರ ಫೆಬ್ರವರಿಯಲ್ಲಿ, ಜಿನೀವಾದಿಂದ ಅವನಿಗೆ ಒಂದು ಕಾಗದ ಬಂದಿತು. ಬರೆದವಳು ವೇರಾ ಜಾಸುಲಿಚ್ ಎಂಬ ರಷ್ಯದ ಕ್ರಾಂತಿಕಾರಿಣಿ. ಸೆರೆಯಾಳೊಬ್ಬನಿಗೆ ಛಡಿ ಏಟು ಹೊಡೆಸಿದ ಸೇಂಟ್ ಪೀಟರ್ಸ್‌ಬರ್ಗಿನ ಅಧಿಕಾರಿಯ ಮೇಲೆ ೧೮೭೮ರಲ್ಲಿ ಗುಂಡು ಹಾರಿಸಿ, ಪಂಚರ ತೀರ್ಪಿನಿಂದ ಬಿಡುಗಡೆಯಾಗಿ, ದೇಶ ಬಿಟ್ಟು ಬಂದವಳು. ಅವಳ ಪ್ರಶ್ನೆ ನೇರವಾದುದು: ರಷ್ಯದಲ್ಲಿ ರೈತರು ಭೂಮಿಯನ್ನು ಊರೊಟ್ಟಾಗಿ ಹೊಂದುವ ಪದ್ಧತಿಯಿದೆ. ತಮ್ಮ ಶಿಷ್ಯರೆಂದು ಹೇಳಿಕೊಳ್ಳುವವರು, ಅದು ನಾಶವಾಗಲೇಬೇಕು, ಯೂರೋಪು ನಡೆದ ದಾರಿಯಲ್ಲಿಯೇ ಎಲ್ಲ ದೇಶಗಳೂ ನಡೆಯಬೇಕು ಎನ್ನುತ್ತಾರೆ. ಇದು ತಮ್ಮ ಅಭಿಪ್ರಾಯವೇ?

ಮಾರ್ಕ್ಸನ ಉತ್ತರ ಮಾರ್ಚ್ ೮ರಂದು ಹೊರಟಿತು. ಉತ್ತರ ಚಿಕ್ಕದು, ಆದರೆ ಅದಕ್ಕೆ ಮುಂಚೆ ನಾಲ್ಕು ಕರಡುಗಳನ್ನು ಬರೆದು ಬದಿಗಿಟ್ಟಿದ್ದನು, ಅವುಗಳಲ್ಲಿ ಕೆಲವು ಬಹಳ ದೀರ್ಘವಾದುವು. ತಾನು 'ಕ್ಯಾಪಿಟಲ್'ನಲ್ಲಿ ವಿವರಿಸಿದ ಅನಿವಾರ್ಯತೆ ಪಶ್ಚಿಮ ಯೂರೋಪಿನ ದೇಶಗಳಿಗೆ ಮಾತ್ರ ಸೀಮಿತವಾದುದೆಂದೂ, ಸುತ್ತಣ ಬಾಧೆಗಳನ್ನು ತೊಲಗಿಸಿದರೆ ರಷ್ಯದ ಗ್ರಾಮಸಮುದಾಯವೇ ಸಮಾಜದ ಹೊಸ ಹುಟ್ಟಿಗೆ ಆಧಾರವಾಗಬಲ್ಲುದೆಂದೂ ಅದರಲ್ಲಿ ತಿಳಿಸಿದನು. ಕರಡುಗಳಲ್ಲಿ ನಮ್ಮ ಮಾತೂ ಬಂದಿದೆ. ಭಾರತದಲ್ಲಿ ಸಾಮುದಾಯಿಕ ಭೂಸ್ವಾಮ್ಯವನ್ನು ಇಂಗ್ಲಿಷರು ಕೆಡವಿದುದು ಬರಿಯ ಧ್ವಂಸಕಾರ್ಯ. ಅದು ಜನರನ್ನು ಮುಂದಕ್ಕೆ ತಳ್ಳಲಿಲ್ಲ, ಹಿಂದಕ್ಕೆ ನೂಕಿತು ಎಂಬುದು ಅಲ್ಲಿಯ ತಾತ್ಪರ್ಯ. ೧೮೫೩ರಲ್ಲಿ ಆ ಕೆಡವುವಿಕೆಯನ್ನು ಚರಿತ್ರೆಯ ಬಾಗಿಲೆಂದು ಕಂಡಿದ್ದ ಲೇಖನಿಯೇ ಇದು! ನಡುವೆ ಇಪ್ಪತ್ತೆಂಟು ವರ್ಷಗಳ ಓದಿತ್ತು. ಎರಡು ವರ್ಷಗಳ ಮೇಲೆ, ೧೮೮೩ರ ಮಾರ್ಚ್ ೧೪ರಂದು, ಅವನು ತೀರಿಕೊಂಡನು.

ಆ ಕರಡುಗಳ ಗತಿ ಏನಾಯಿತೆಂಬುದೂ ತಿಳಿಯತಕ್ಕ ವಿಷಯ. ೧೯೧೧ರಲ್ಲಿ ರಿಯಾಜಾನೊವ್ ಎಂಬ ವಿದ್ವಾಂಸನಿಗೆ ಅವು ಹಳೆಯ ಕಾಗದಗಳ ನಡುವೆ ಸಿಕ್ಕಿದವು, ಅಚ್ಚಾದುದು ೧೯೨೪ರಲ್ಲಿ. ಅಷ್ಟರಲ್ಲಿ ರಷ್ಯದಲ್ಲಿ ಕ್ರಾಂತಿಯಾಗಿ, ಮಾರ್ಕ್ಸನ ಹೆಸರಿನ ರಾಜ್ಯವೇ ಸ್ಥಾಪಿತವಾಗಿ, ಏಳು ವರ್ಷ ಕಳೆದಿತ್ತು. ಅವನ ಅನುಮಾನಗಳು ಪೆಟ್ಟಿಗೆಯಲ್ಲಿ ಮಲಗಿದ್ದಾಗ ಅವನ ತೀರ್ಮಾನಗಳು ಸಿಂಹಾಸನವೇರಿದ್ದವು. ೧೯೨೯ರಿಂದ ಮುಂದೆ ಬಲಾತ್ಕಾರದ ಸಾಮೂಹಿಕ ಬೇಸಾಯದಲ್ಲಿ ಆ ಹಳೆಯ ಗ್ರಾಮಸಮುದಾಯ ಅಳಿಸಿಹೋಯಿತು; ೧೯೩೧ರ ಡಿಸೆಂಬರಿನಲ್ಲಿ ಮಾಸ್ಕೋವಿನ ಮಹಾದೇವಾಲಯವನ್ನು ಸಿಡಿಮದ್ದಿಟ್ಟು ಉರುಳಿಸಿದರು. ನೊಂದವನ ಕೈಯಿಂದ ಮದ್ದನ್ನು ಕಿತ್ತುಕೊಂಡು, ನೋವನ್ನು ಇಮ್ಮಡಿಸಿ, ಇದೇ ವೈದ್ಯವೆಂದು ಹೇಳಿದ ಉದಾಹರಣೆ ಇದು. ಆ ದೇವಾಲಯವನ್ನು ಮತ್ತೆ ಕಟ್ಟಿ ೨೦೦೦ದಲ್ಲಿ ಪ್ರತಿಷ್ಠೆ ಮಾಡಿದರು. ಎಪ್ಪತ್ತು ವರ್ಷ ಆಳಿದ ಸರಕಾರಕ್ಕಿಂತ ಜನರ ನೆನಪು ದೀರ್ಘಾಯುವಾಯಿತು.

ಇನ್ನೊಂದು ಬಗೆಯ ಶಿಷ್ಯರೂ ಇದ್ದರು. ದಕ್ಷಿಣ ಅಮೆರಿಕದ ಪೆರು ದೇಶದ ಮಾರಿಯಾತೆಗಿ ಎಂಬವನು ೧೯೨೮ರಲ್ಲಿ ತನ್ನ ನಾಡಿನ ಸ್ಥಿತಿಯನ್ನು ಕುರಿತು ಏಳು ಪ್ರಬಂಧಗಳನ್ನು ಪ್ರಕಟಿಸಿದನು. ರೋಗದಿಂದ ಕಾಲು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತು ಬರೆದ ಈತನು, ಇನ್ಕಾ ಜನರ 'ಅಯ್ಯು' ಎಂಬ ಗ್ರಾಮಸಮುದಾಯದಲ್ಲಿ ಮುಂದಿನ ಸಮಾಜಕ್ಕೆ ಬೀಜವನ್ನು ಕಂಡನು. ಧರ್ಮವೆಂಬುದೆಲ್ಲ ಪಾದ್ರಿಗಳ ಮೋಸವೆಂದು ತಳ್ಳಿಹಾಕುವ ಹಳೆಯ ವಾದ ಇನ್ನು ಸಾಲದೆಂದು ಅದೇ ಗ್ರಂಥದಲ್ಲಿ ಪ್ರತಿಪಾದಿಸಿದನು. ಮಾರ್ಕ್ಸನ ಕರಡುಗಳನ್ನು ಓದಿಯೇ ಇದನ್ನು ಹೇಳಬೇಕಾಗಿರಲಿಲ್ಲ; ತನ್ನ ಊರನ್ನು ಕಣ್ಣು ತೆರೆದು ನೋಡಿದ್ದರೆ ಸಾಕಾಗಿತ್ತು. ಅದೇ ಪೆರುವಿನ ಪಾದ್ರಿ ಗುಟಿಯೆರೆಸ್ ೧೯೭೧ರಲ್ಲಿ ವಿಮೋಚನೆಯ ದೇವತಾಶಾಸ್ತ್ರವನ್ನು ಬರೆದು, ಬಡವರ ಪಕ್ಷವೇ ದೇವರ ಪಕ್ಷವೆಂದು ಸಾರಿದನು.

ಹಾಗಾದರೆ ನಮ್ಮ ಹಳ್ಳಿಯನ್ನೂ ಹೀಗೆಯೇ ಎತ್ತಿ ಪೂಜಿಸೋಣವೇ? ಇಲ್ಲಿ ನನಗೆ ಮತ್ತೆ ಬಾವಿಯ ಹಗ್ಗ ಅಡ್ಡಬರುತ್ತದೆ. ೧೯೪೮ರ ನವೆಂಬರ್ ೪ರಂದು ರಾಜ್ಯಾಂಗಸಭೆಯಲ್ಲಿ ಕರಡು ಸಂವಿಧಾನವನ್ನು ಮಂಡಿಸುತ್ತ ಅಂಬೇಡ್ಕರರು, ಗ್ರಾಮ ಗಣರಾಜ್ಯಗಳ ಸ್ತೋತ್ರವನ್ನು ಖಂಡಿಸಿದರು. ಅವು ಉಳಿದುಕೊಂಡುವೆಂಬುದೇ ದೊಡ್ಡದಲ್ಲ, ಯಾವ ಮಟ್ಟದಲ್ಲಿ ಉಳಿದುವೆಂಬುದನ್ನು ನೋಡಬೇಕೆಂಬುದು ಅವರ ವಾದ. ವಿಲ್ಕ್ಸನ ಗಣರಾಜ್ಯದಲ್ಲಿ ಆಯದ ಕೊಳಗವಿತ್ತು, ಸಮಾನ ಪೀಠವಿರಲಿಲ್ಲ. ಆದರೆ ಅದೇ ಅಂಬೇಡ್ಕರರು ಧರ್ಮವೇ ಬೇಡವೆನ್ನಲಿಲ್ಲ. ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಮುಂದಿನ ತಿಂಗಳು ಕಾಠ್ಮಂಡುವಿನಲ್ಲಿ ಬುದ್ಧನನ್ನೂ ಮಾರ್ಕ್ಸನನ್ನೂ ಹೋಲಿಸಿ ಮಾತನಾಡಿದರು. ದುಃಖವನ್ನೂ ಶೋಷಣೆಯನ್ನೂ ಕಳೆಯುವ ಗುರಿ ಇಬ್ಬರಿಗೂ ಸಮೀಪ. ಹಿಂಸೆಯಿಲ್ಲದೆ ಮನಸ್ಸನ್ನು ಪರಿವರ್ತಿಸುವ ಬುದ್ಧನ ದಾರಿಯೇ ಬಾಳುವ ದಾರಿ ಎಂಬುದು ಅವರ ನಿರ್ಣಯ. ಧರ್ಮದ ಕೈಯಿಂದ ಅತ್ಯಂತ ಹೆಚ್ಚು ನೊಂದವರೊಬ್ಬರು, ಧರ್ಮವನ್ನು ಮಂಪರಾಗಿಯಲ್ಲದೆ ಎಚ್ಚರವಾಗಿ ಆರಿಸಿಕೊಂಡರು. ಅಫೀಮಿನ ಹೋಲಿಕೆಗೆ ಇದಕ್ಕಿಂತ ಗಂಭೀರವಾದ ಉತ್ತರವನ್ನು ನಾನು ಕಾಣೆ.

ವಾಚಕರು ಈಗ ಕೇಳಬಹುದು: ಮಾರ್ಕ್ಸನನ್ನು ನಾವು ಸ್ವೀಕರಿಸಬೇಕೋ, ಬಿಡಬೇಕೋ? ಈ ಪ್ರಶ್ನೆಯೇ ನನಗೆ ಮಠದ ಪ್ರಶ್ನೆಯಂತೆ ತೋರುತ್ತದೆ. ಗುರುವಿನ ಮಾತನ್ನು ಕಂಠಪಾಠ ಮಾಡುವ ಶಿಷ್ಯನೂ, ಓದದೆ ತೆಗಳುವ ವಿರೋಧಿಯೂ, ಇಬ್ಬರೂ ಗುರುವನ್ನು ಒಂದೇ ವಯಸ್ಸಿನಲ್ಲಿ ನಿಲ್ಲಿಸಿಬಿಡುತ್ತಾರೆ. ಇಪ್ಪತ್ತೈದರ ತರುಣ ಬರೆದುದನ್ನು ಹಿಡಿದು ಒಬ್ಬರು, ಮೂವತ್ತೈದರ ಪತ್ರಿಕಾಲೇಖಕ ಬರೆದುದನ್ನು ಹಿಡಿದು ಇನ್ನೊಬ್ಬರು ಜಗಳವಾಡುತ್ತಾರೆ. ಅರುವತ್ತೆರಡರ ಮುದುಕನು ಒಂದು ಹೆಣ್ಣುಮಗಳ ಕಾಗದಕ್ಕೆ ಉತ್ತರಿಸಲು ನಾಲ್ಕು ಸಲ ಬರೆದು ಬದಿಗಿಟ್ಟುದನ್ನು ಇಬ್ಬರೂ ಮರೆಯುತ್ತಾರೆ. ನನಗೆ ಅವನ ದೊಡ್ಡತನ ಕಾಣುವುದು ಅಲ್ಲಿ. ತನ್ನ ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹೇಳಬಲ್ಲವನು ವಿಚಾರವಂತ. ಅದು ಎಲ್ಲಿಯೂ ನಿಲ್ಲದೆನ್ನುವವನು ಮತಪ್ರಚಾರಕ, ಅವನ ಕೈಯಲ್ಲಿರುವುದು ಯಾವ ಗ್ರಂಥವಾದರೂ ಆಗಲಿ.

ನಮ್ಮ ನೀರಗಂಟಿಗೆ ಎರಡು ಮಾತುಗಳು ಗೊತ್ತಿದ್ದುವು: ಗಂಗವ್ವ ಕೇಳುವುದಿಲ್ಲ, ಬಾವಿಕಟ್ಟೆಯವರು ಕೇಳುತ್ತಾರೆ. ಮೊದಲನೆಯದು ಅವನ ಧರ್ಮ, ಎರಡನೆಯದು ಅವನ ಸಮಾಜವಿಮರ್ಶೆ. ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಂಡು ಕೈಮುಗಿದು ಸುಮ್ಮನಾದವರು ನಮ್ಮ ಮನೆಗಳವರು. ಎರಡನೆಯದನ್ನು ಮಾತ್ರ ಕೇಳಿಸಿಕೊಂಡು ಅವನ ಗಂಗವ್ವನನ್ನು ಕಸಿಯಹೋದವರು ಸುಧಾರಕರು. ಎರಡನ್ನೂ ಕೂಡಿಸಿ ಆಡಿದವನು ಅವನೊಬ್ಬನೇ. ಯಾವ ದೇಶದಿಂದ ಬಂದ ತತ್ತ್ವವೇ ಆಗಲಿ, ಯಾವ ಪೀಠದಿಂದ ಬಂದ ಬೋಧೆಯೇ ಆಗಲಿ, ಅವನ ಆ ಎರಡು ಮಾತುಗಳಿಗೂ ಒಟ್ಟಿಗೆ ಉತ್ತರ ಹೇಳಬಲ್ಲುದಾದರೆ ಅದಕ್ಕೆ ನಮ್ಮ ಮನೆಯ ಬಾಗಿಲು ತೆರೆದಿರಲಿ.